ಎಳೆಯ ಮಗುವಿನ ಕ್ರಿಸ್‌ಮಸ್: ಕರಾವಳಿಯ ಗೋದಲಿ, ಕುಸ್ವಾರ್ ಮತ್ತು ಹಬ್ಬದ ತಿರುಗಾಟ

ಯೇಸುವಿನ ಜನನವನ್ನು ನೆನೆಯುವ ಕ್ರಿಸ್‌ಮಸ್ ಒಂದು ಹಸುಗೂಸಿನ ಸುತ್ತ ಬೆಳೆದ ಹಬ್ಬವಾದ್ದರಿಂದ ಅದನ್ನು ಮಕ್ಕಳ ಹಬ್ಬವೆಂದು ಕರೆಯುವುದು ರೂಢಿಯಲ್ಲಿದೆಯಾದರೂ, ಒಂದರಿಂದ ಮೂರು ವರ್ಷದ ಮಗುವಿರುವ ಎಷ್ಟೋ ಮನೆಗಳಲ್ಲಿ ಡಿಸೆಂಬರ್ 24ರ ರಾತ್ರಿಯೂ 25ರ ಹಗಲೂ ಮಗುವಿನ ಅಳು, ಹಟ ಮತ್ತು ಹೆತ್ತವರ ದಣಿವಿನಲ್ಲೇ ಕಳೆದುಹೋಗುತ್ತವೆ. ಇದಕ್ಕೆ ಕಾರಣ ಮಗುವಿನ ಸ್ವಭಾವವಲ್ಲ. ತಡರಾತ್ರಿಯ ಪೂಜೆ, ದೀಪಾಲಂಕಾರ ನೋಡಲು ನೆರೆದ ಜನಜಂಗುಳಿ, ನೆಂಟರಿಷ್ಟರ ಸಾಲು ಭೇಟಿ, ಪಟಾಕಿಯ ಸದ್ದು ಇವೆಲ್ಲವೂ ದೊಡ್ಡವರ ದಿನಚರಿಗೆ ಹೊಂದಿಕೊಂಡಂತಹವು. ಆದರೆ ಮಂಗಳೂರು ಮತ್ತು ಉಡುಪಿ ಭಾಗದ ಕೊಂಕಣಿ ಕ್ಯಾಥೊಲಿಕ್ ಮನೆಗಳ ಕ್ರಿಸ್‌ಮಸ್ಸಿಗೆ ಇನ್ನೊಂದು ಅರ್ಧವಿದೆ. ಹಬ್ಬಕ್ಕೆ ಮೊದಲಿನ ಮೂರು ನಾಲ್ಕು ವಾರಗಳಲ್ಲಿ ಮನೆಯ ಜಗಲಿಯಲ್ಲೂ ಅಡುಗೆಮನೆಯಲ್ಲೂ ನಡೆಯುವ ಆ ತಯಾರಿ ಎಳೆಯ ಮಗುವಿನ ಬುದ್ಧಿಗೂ ಕೈಗೂ ಎಷ್ಟು ಚೆನ್ನಾಗಿ ಒಗ್ಗುತ್ತದೆಯೆಂದರೆ, ಮಗುವಿನ ಹಬ್ಬ ಇರುವುದೇ ಅಲ್ಲಿ ಎಂದರೂ ತಪ್ಪಾಗದು.

ಕ್ರಿಸ್‌ಮಸ್ಸಿಗೆ ಹಿಂದಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಅವಧಿಯನ್ನು ಕ್ರೈಸ್ತ ಪಂಚಾಂಗದಲ್ಲಿ ಆಗಮನ ಕಾಲವೆನ್ನುತ್ತಾರೆ. ಅದು ಕಾಯುವ ಕಾಲ. ಆದರೆ ಎರಡು ವರ್ಷದ ಮಗುವಿಗೆ ನಾಳೆ ಎಂಬುದೇ ಇನ್ನೂ ಸ್ಪಷ್ಟವಾಗಿರದಿರುವಾಗ ‘ಹಬ್ಬಕ್ಕೆ ಇನ್ನು ಹತ್ತು ದಿನ’ ಎಂಬ ಮಾತು ಅದರ ತಲೆಗೆ ಹತ್ತುವುದಿಲ್ಲ. ಈ ತೊಡಕನ್ನು ಹಿಂದೆಯೇ ಕಂಡವನು ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಬಡ ಮಕ್ಕಳಿಗಾಗಿ ಆಶ್ರಯಧಾಮವನ್ನು ನಡೆಸುತ್ತಿದ್ದ ಪ್ರೊಟೆಸ್ಟಂಟ್ ಪಾದ್ರಿ ಯೋಹಾನ್ ಹಿನ್ರಿಖ್ ವಿಖರ್ನ್. ಕ್ರಿಸ್‌ಮಸ್ ಯಾವಾಗ ಬರುತ್ತದೆಂದು ಮಕ್ಕಳು ಮತ್ತೆ ಮತ್ತೆ ಕೇಳುತ್ತಿದ್ದುದರಿಂದ ಆತ 1839ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ವಾರದ ದಿನಗಳಿಗೆ ಸಣ್ಣ ಮೇಣದ ಬತ್ತಿಗಳನ್ನೂ ಭಾನುವಾರಗಳಿಗೆ ದೊಡ್ಡ ಬತ್ತಿಗಳನ್ನೂ ಜೋಡಿಸಿ, ದಿನಕ್ಕೊಂದರಂತೆ ಹಚ್ಚಿಸತೊಡಗಿದನು. ಇಂದು ಚರ್ಚುಗಳಲ್ಲಿ ಹಸಿರು ಎಲೆಗಳ ನಡುವೆ ನಾಲ್ಕು ಬತ್ತಿಗಳನ್ನಿಟ್ಟು ವಾರಕ್ಕೊಂದನ್ನು ಹಚ್ಚುವ ಆಗಮನ ಕಾಲದ ಹಾರ ಅದರಿಂದಲೇ ಬಂದದ್ದು. ಕಣ್ಣಿಗೆ ಕಾಣುವಂತೆ ಬೆಳೆಯುವ ಯಾವುದಾದರೂ ಒಂದು ವಸ್ತು ಇದ್ದರೆ ಮಾತ್ರ ಎಳೆಯ ಮಗುವಿಗೆ ಕಾಯುವುದು ಅರ್ಥವಾಗುತ್ತದೆ ಎಂಬ ತಿಳಿವಳಿಕೆ ಆ ಚಕ್ರದ ಹಿಂದಿತ್ತು.

ಕರಾವಳಿಯ ಮನೆಗಳಲ್ಲಿ ಅದೇ ಕೆಲಸವನ್ನು ಬೆಂಕಿಯ ಅಪಾಯವಿಲ್ಲದೆ ಮಾಡುವುದು ಗೋದಲಿಯ ಪೈರು. ಗೋದಲಿಯೆಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆಯ ಪ್ರತಿಕೃತಿ. ಬೈಹುಲ್ಲಿನ ಮಾಡು, ಮರಿಯ, ಜೋಸೆಫ್, ಕುರುಬರು, ಎತ್ತು, ಕತ್ತೆ, ಕುರಿಗಳ ಗೊಂಬೆಗಳು, ಮೇಲೊಂದು ನಕ್ಷತ್ರ ಇಷ್ಟೂ ಸೇರಿ ಅದು ಪೂರ್ಣವಾಗುತ್ತದೆ. ಈ ಪದ್ಧತಿಗೆ ಹೆಸರಾಂತ ಮೂಲವೆಂದರೆ ಸಂತ ಫ್ರಾನ್ಸಿಸ್ ಅಸ್ಸಿಸಿಯು ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ 1223ರ ಕ್ರಿಸ್‌ಮಸ್ ರಾತ್ರಿ ಹುಲ್ಲಿನ ಗೋದಲಿ ಮತ್ತು ಜೀವಂತ ಎತ್ತು, ಕತ್ತೆಗಳನ್ನಿಟ್ಟು ಏರ್ಪಡಿಸಿದ ಆರಾಧನೆ. ಓದುಬರಹ ಬಾರದ ಜನರಿಗೂ ಆ ಜನನದ ಬಡತನ ಕಣ್ಣಿಗೆ ಕಟ್ಟಬೇಕೆಂಬುದು ಅವನ ಉದ್ದೇಶವಾಗಿದ್ದುದರಿಂದ, ಇನ್ನೂ ಮಾತೇ ಪೂರ್ತಿ ಬಾರದ ಮಗುವಿಗೆ ಈ ಕಥೆಯನ್ನು ತಿಳಿಸಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ.

ಗೋದಲಿಯ ಸುತ್ತ ಹಸಿರು ಗದ್ದೆಯಂತೆ ಕಾಣಲು ಹಬ್ಬಕ್ಕೆ ಹತ್ತು ಹನ್ನೆರಡು ದಿನವಿರುವಾಗ ರಾಗಿ, ಭತ್ತ ಅಥವಾ ಸಾಸಿವೆಯನ್ನು ಸಣ್ಣ ಪಾತ್ರೆಗಳಲ್ಲಿ ಬಿತ್ತುವುದುಂಟು, ಮತ್ತು ಹಬ್ಬದ ಎಲ್ಲ ಕೆಲಸಗಳಲ್ಲಿ ಮಗುವಿಗೆ ಪೂರ್ತಿಯಾಗಿ ಬಿಟ್ಟುಕೊಡಬಹುದಾದದ್ದು ಇದೊಂದೇ. ರಾತ್ರಿಯಿಡೀ ನೆನೆಸಿದ ರಾಗಿಯನ್ನು ಹಸಿ ಮಣ್ಣು ತುಂಬಿದ ತೆಂಗಿನ ಗೆರಟೆಯ ಮೇಲೆ ಮಗು ತನ್ನ ಮುಷ್ಟಿಯಿಂದಲೇ ಉದುರಿಸಬಹುದು. ಕಾಳು ಒಂದೆಡೆ ಗುಪ್ಪೆಯಾಗಿ ಬಿದ್ದು ಇನ್ನೊಂದೆಡೆ ಬೋಳಾಗಿ ಉಳಿದರೆ ಅದನ್ನು ತಿದ್ದಲು ಹೋಗಬಾರದು. ಮೇಲೆ ತೆಳುವಾಗಿ ಮಣ್ಣು ಚೆಲ್ಲಿ, ಒದ್ದೆ ಬಟ್ಟೆ ಮುಚ್ಚಿ, ಮೊಳಕೆ ಕಂಡೊಡನೆ ಬಟ್ಟೆ ತೆಗೆದು ಬೆಳಕಿಗಿಟ್ಟರೆ ಎಳೆಯ ಎಸಳುಗಳು ದಿನದಿನಕ್ಕೂ ಏರಿ ಹಬ್ಬದ ಹೊತ್ತಿಗೆ ಬೆರಳುದ್ದವಾಗುತ್ತವೆ. ಪ್ರತಿ ಬೆಳಿಗ್ಗೆ ನೀರು ಚಿಮುಕಿಸಿ, ಪೈರನ್ನು ಅಂಗೈಯಿಂದ ಸವರಿ ನೋಡುವ ಮಗುವಿಗೆ ಹಬ್ಬ ಹತ್ತಿರವಾಗುತ್ತಿದೆಯೆಂಬುದು ಕೈಗೇ ತಿಳಿಯುತ್ತದೆ. ಬಾಲಯೇಸುವಿನ ಗೊಂಬೆಯನ್ನು 24ರ ರಾತ್ರಿಯವರೆಗೆ ಇಡದೆ ಹುಲ್ಲಿನ ಹಾಸಿಗೆಯನ್ನು ಖಾಲಿಯಾಗಿ ಬಿಡುವ ಸಂಪ್ರದಾಯವೂ ಇದೇ ಕಾಯುವಿಕೆಯ ಭಾಗ. ಗೊಂಬೆಗಳ ವಿಷಯದಲ್ಲಿ ಮಾತ್ರ ಮನೆಯವರು ಮೊದಲೇ ಯೋಚಿಸಬೇಕಾಗುತ್ತದೆ, ಏಕೆಂದರೆ ಈ ವಯಸ್ಸಿನ ಮಕ್ಕಳು ಮುಟ್ಟದೆ ಏನನ್ನೂ ಅರಿಯಲಾರರು. ಅಜ್ಜಿಯ ಕಾಲದ ಪಿಂಗಾಣಿ ಗೊಂಬೆಗಳನ್ನು ಎತ್ತರದಲ್ಲಿಟ್ಟು, ಮಗುವಿನ ಕೈಗೆಟುಕುವಲ್ಲಿ ಬಟ್ಟೆಯವೋ ಮರದವೋ ಆದ ದೊಡ್ಡ ಗೊಂಬೆಗಳನ್ನು ಇಟ್ಟರೆ, ಮಗು ಕುರಿಯನ್ನು ಕೊಟ್ಟಿಗೆಯ ಮಾಡಿನ ಮೇಲೆ ಹತ್ತಿಸಿದರೂ ಜೋಸೆಫನನ್ನು ಹೊರಗೆ ಮಲಗಿಸಿದರೂ ಯಾವ ನಷ್ಟವೂ ಇಲ್ಲ.

ಎರಡನೆಯ ದೊಡ್ಡ ತಯಾರಿ ಕುಸ್ವಾರ್. ಹಬ್ಬಕ್ಕೆಂದು ಮಾಡಿಟ್ಟು ನೆರೆಹೊರೆಗೆ ಹಂಚುವ ಬಗೆಬಗೆಯ ತಿಂಡಿಗಳ ಒಟ್ಟು ಹೆಸರಿದು. ಎಳ್ಳು, ತೆಂಗಿನತುರಿ, ಸಕ್ಕರೆ, ಒಣದ್ರಾಕ್ಷಿಗಳ ಹೂರಣ ತುಂಬಿದ ನೆವ್ರಿ, ಬಿಸಿ ಎಣ್ಣೆಯಲ್ಲಿ ಕಬ್ಬಿಣದ ಅಚ್ಚಿನಿಂದ ಅರಳಿಸುವ ಕೊಕ್ಕಿಸ್, ಕಿಡಿಯೊ, ತುಕ್ಡಿ, ಚಕ್ಕುಲಿ, ಎಳ್ಳಿನ ಉಂಡೆ ಮತ್ತು ಪ್ಲಮ್ ಕೇಕ್ ಇವೆಲ್ಲ ಅದರಲ್ಲಿ ಸೇರುತ್ತವೆ. ಇವುಗಳಲ್ಲಿ ಮಗುವಿಗೆ ತಕ್ಕ ಕೆಲಸವಿರುವುದು ಕಿಡಿಯೊದಲ್ಲಿ. ಮೈದಾ, ಮೊಟ್ಟೆ, ತೆಂಗಿನ ಹಾಲು ಸೇರಿಸಿ ನಾದಿದ ಹಿಟ್ಟಿನಿಂದ ಗೋಲಿಗಿಂತ ಸಣ್ಣ ಉಂಡೆಯನ್ನು ಹಿಸುಕಿ, ತೊಳೆದ ಹೊಸ ಬಾಚಣಿಗೆಯ ಹಲ್ಲುಗಳ ಮೇಲೋ ಫೋರ್ಕಿನ ಬೆನ್ನ ಮೇಲೋ ಹೆಬ್ಬೆರಳಿನಿಂದ ಒತ್ತಿ ಹರಡಿ ಸುರುಳಿ ಸುತ್ತಿದರೆ, ಗೆರೆ ಮೂಡಿದ ಪುಟ್ಟ ಶಂಖದ ಆಕಾರ ಬರುತ್ತದೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಮನೆಯ ಹೆಂಗಸರೂ ಮಕ್ಕಳೂ ಚಾಪೆ ಹಾಸಿ ಕೂತು ಗಂಟೆಗಟ್ಟಲೆ ಮಾಡುವ ಈ ಕೆಲಸದಲ್ಲಿ ಎರಡು ವರ್ಷದ ಮಗುವಿಗೆ ಒಂದು ಮುದ್ದೆ ಹಿಟ್ಟು ಮತ್ತು ಒಂದು ಬಾಚಣಿಗೆ ಕೊಟ್ಟರೆ, ಸುರುಳಿ ಸುತ್ತಲು ಬಾರದಿದ್ದರೂ ಒತ್ತಿದಲ್ಲಿ ಗೆರೆ ಮೂಡುವುದನ್ನು ಅದು ಬೆರಗಿನಿಂದ ನೋಡುತ್ತದೆ. ಹಸಿ ಮೊಟ್ಟೆ ಸೇರಿದ ಹಿಟ್ಟು ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು, ಕರಿಯುವ ಹೊತ್ತಿಗೆ ಮಗು ಅಡುಗೆಮನೆಯ ಹೊರಗಿರಬೇಕು. ಈ ಎರಡರಲ್ಲಿ ರಿಯಾಯಿತಿ ಸಲ್ಲದು.

ತಿನ್ನುವ ಮಾತು ಬೇರೆ. ಸಕ್ಕರೆ ಪಾಕ ಹತ್ತಿ ಗಟ್ಟಿಯಾದ ಕಿಡಿಯೊ, ಇಡಿಯ ಗೋಡಂಬಿ, ಬಾದಾಮಿಗಳು ಎಳೆಯ ಮಕ್ಕಳ ಉಸಿರುನಾಳದಲ್ಲಿ ಸಿಕ್ಕಿಕೊಳ್ಳಬಲ್ಲ ಗಾತ್ರದವು. ಅರೆಯಲು ಬೇಕಾದ ದವಡೆ ಹಲ್ಲುಗಳು ಪೂರ್ತಿ ಬಾರದ ಕಾರಣ ನಾಲ್ಕೈದು ವರ್ಷದವರೆಗೂ ಇಡಿಯ ಬೀಜಗಳನ್ನು ಕೊಡಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಎರಡು ವರ್ಷ ತುಂಬುವವರೆಗೆ ಸಕ್ಕರೆ ಬೆರೆಸಿದ ತಿನಿಸೇ ಬೇಡವೆಂಬುದೂ ಅವರ ಸಲಹೆ. ಪ್ಲಮ್ ಕೇಕಿನ ಒಣಹಣ್ಣುಗಳನ್ನು ರಮ್ಮಿನಲ್ಲಿ ನೆನೆಸಿದ್ದರೆ ಕೇಕು ಬೆಂದ ಮೇಲೂ ಮದ್ಯದ ಅಂಶ ಸ್ವಲ್ಪ ಉಳಿಯುವುದರಿಂದ, ಮಗುವಿಗೆಂದು ಕಿತ್ತಳೆ ರಸದಲ್ಲಿ ನೆನೆಸಿದ ಹಣ್ಣಿನ ಒಂದು ಸಣ್ಣ ಕೇಕನ್ನು ಬೇರೆಯೇ ಮಾಡುವುದು ಲೇಸು. ಹಬ್ಬದೂಟದಲ್ಲಿ ಮಗುವಿಗೆ ಎಲ್ಲಕ್ಕಿಂತ ಹಿತವಾದದ್ದು ಅಕ್ಕಿಹಿಟ್ಟನ್ನು ಹುದುಗಿಸಿ ಹಬೆಯಲ್ಲಿ ಬೇಯಿಸಿದ ಮೆತ್ತನೆಯ ಸಾನ್ನ. ಅದೂ ಕಳ್ಳಿನ ಬದಲು ಈಸ್ಟ್ ಹಾಕಿ ಹುದುಗಿಸಿದ್ದಾದರೆ ಇನ್ನೂ ಒಳ್ಳೆಯದು.

ಕುಸ್ವಾರನ್ನು ತಟ್ಟೆಯಲ್ಲಿ ಜೋಡಿಸಿ, ಮೇಲೆ ಕಸೂತಿ ಬಟ್ಟೆ ಹೊದಿಸಿ, ನೆರೆಯ ಹಿಂದೂ ಮತ್ತು ಮುಸ್ಲಿಂ ಮನೆಗಳಿಗೆ ಕೊಂಡೊಯ್ಯುವುದು ಕರಾವಳಿಯ ಕ್ರಿಸ್‌ಮಸ್ಸಿನ ಅತ್ಯಂತ ಚೆಂದದ ಆಚರಣೆ. ದೀಪಾವಳಿಗೂ ಈದ್‌ಗೂ ಅದೇ ಮನೆಗಳಿಂದ ತಿಂಡಿ ಬರುವುದರಿಂದ ಈ ಕೊಡುಕೊಳ್ಳುವಿಕೆ ತಲೆಮಾರುಗಳಿಂದ ನಡೆದುಬಂದಿದೆ. ಎಳೆಯ ಮಗುವಿಗೆ ಮೊದಲ ಹಬ್ಬದ ತಿರುಗಾಟವಾಗಿ ಇದಕ್ಕಿಂತ ತಕ್ಕದ್ದು ಬೇರೊಂದಿಲ್ಲ. ದೂರ ಕೆಲವೇ ಹೆಜ್ಜೆ, ಮುಖಗಳು ಪರಿಚಿತ, ಸಮಯ ಹಗಲು, ಕೈಯಲ್ಲೊಂದು ಜವಾಬ್ದಾರಿಯ ಕೆಲಸ, ಸಾಕೆನಿಸಿದ ಕ್ಷಣವೇ ಮರಳಲು ಮನೆ ಪಕ್ಕದಲ್ಲೇ. ಪಟ್ಟಣದ ಫ್ಲ್ಯಾಟುಗಳಲ್ಲಿ ಬಾಗಿಲು ಮುಚ್ಚಿಕೊಂಡು ಬದುಕುವ ಕುಟುಂಬಗಳು ಈ ಪದ್ಧತಿಯನ್ನು ಅಂಗಡಿಯ ಪೊಟ್ಟಣಕ್ಕೂ ಫೋನಿನ ಸಂದೇಶಕ್ಕೂ ಇಳಿಸುತ್ತಿರುವುದು ನಿಜಕ್ಕೂ ನೋವಿನ ಸಂಗತಿ. ಪಕ್ಕದ ಮನೆಯ ಬಾಗಿಲು ತಟ್ಟಿ ‘ಹಬ್ಬದ ತಿಂಡಿ’ ಎಂದು ಕೊಡುವುದನ್ನು ಮಗು ನೋಡಿ ಕಲಿಯಬೇಕಲ್ಲದೆ ಹೇಳಿಸಿಕೊಂಡು ಕಲಿಯುವುದಿಲ್ಲ.

ಪೂರ್ವದಿಂದ ಬಂದ ಮೂವರು ಜ್ಞಾನಿಗಳಿಗೆ ದಾರಿ ತೋರಿದ ನಕ್ಷತ್ರದ ನೆನಪಿಗೆ ಮನೆಯ ಮುಂದೆ ತೂಗುಹಾಕುವ ಕಾಗದದ ನಕ್ಷತ್ರ ಮಗುವಿಗೆ ಬಲು ಇಷ್ಟ. ಆದರೆ ಈಚಿನ ವರ್ಷಗಳಲ್ಲಿ ಮಾರುಕಟ್ಟೆಗೆ ಬಂದಿರುವ ಸಣ್ಣ ಎಲ್‌ಇಡಿ ದೀಪಗಳು, ಹಾಡುವ ಗೊಂಬೆಗಳು, ಮಿನುಗುವ ಟೊಪ್ಪಿಗಳ ಒಳಗೆ ಗುಂಡಿಯಾಕಾರದ ಬ್ಯಾಟರಿಗಳಿರುತ್ತವೆಂಬುದನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಅಂತಹ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಒದ್ದೆ ಅಂಗಾಂಶದಲ್ಲಿ ವಿದ್ಯುತ್ ಹರಿದು ತೀವ್ರ ಕ್ಷಾರ ಉಂಟಾಗಿ ಎರಡೇ ಗಂಟೆಯೊಳಗೆ ಒಳಗಿನ ಗೋಡೆ ಸುಟ್ಟುಹೋಗಬಹುದು. ನುಂಗಿದ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಮಲದಲ್ಲಿ ಹೋದೀತೆಂದು ಕಾಯದೆ, ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಅಲಂಕಾರದ ವಸ್ತುವನ್ನು ಮಗುವಿರುವ ಮನೆಗೆ ತರದಿರುವುದೇ ಸರಿ.

ಇನ್ನು ರಾತ್ರಿಯ ಬಲಿಪೂಜೆ. ಮಂಗಳೂರು ಭಾಗದ ಅನೇಕ ಚರ್ಚುಗಳಲ್ಲಿ ಈಗ ಅದನ್ನು ನಡುರಾತ್ರಿಯ ಬದಲು 24ರ ಸಂಜೆಯ ಹೊತ್ತಿಗೇ ನಡೆಸುವುದರಿಂದ ಮಕ್ಕಳಿರುವ ಕುಟುಂಬಗಳಿಗೆ ಅನುಕೂಲವಾಗಿದೆಯಾದರೂ, ಕ್ಯಾರಲ್ ಹಾಡು, ಪೂಜೆ, ಬಳಿಕ ಅಂಗಳದ ಕಾರ್ಯಕ್ರಮ ಎಲ್ಲ ಸೇರಿ ಮಗು ಮಲಗುವ ಹೊತ್ತು ಮೀರಿಯೇ ಮೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಒಂದು ಎರಡು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಆದ್ದರಿಂದ ಮಧ್ಯಾಹ್ನ ತಡವಾಗಿ ಮಲಗಿಸಿ ಎಬ್ಬಿಸುವುದು, ಚರ್ಚಿನಲ್ಲಿ ಪಕ್ಕದ ಬಾಗಿಲ ಬಳಿ ಕೂರುವುದು, ಪಟಾಕಿಗೆ ಮೊದಲೇ ಹೊರಡುವುದು ಉಪಾಯಗಳಾದರೆ, 25ರ ಬೆಳಗಿನ ಪೂಜೆಗೆ ಹೋಗುವುದು ಎಲ್ಲಕ್ಕಿಂತ ಸರಳವಾದ ಉಪಾಯ. ಬೆಳಗಿನ ಪೂಜೆಯಿಂದ ಹಬ್ಬದ ಪುಣ್ಯವೇನೂ ಕಡಿಮೆಯಾಗುವುದಿಲ್ಲ.

ಕೆಂಪು ನಿಲುವಂಗಿಯ, ಬಿಳಿಗಡ್ಡದ ಸಾಂತಾ ಕ್ಲಾಸ್ ಬಂದೊಡನೆ ಮಗು ಕಿರುಚಿ ತಾಯಿಯ ಕೊರಳನ್ನು ತಬ್ಬಿಕೊಳ್ಳುವುದನ್ನು ಹಲವರು ತಮಾಷೆಯೆಂದು ಚಿತ್ರ ತೆಗೆಯುತ್ತಾರೆ. ಮುಖ ಮುಚ್ಚಿದ ಅಪರಿಚಿತನ ಭಯ ಈ ವಯಸ್ಸಿನಲ್ಲಿ ಬೆಳವಣಿಗೆಯ ಸಹಜ ಲಕ್ಷಣ. ಬಲವಂತವಾಗಿ ಅವನ ಮಡಿಲಲ್ಲಿ ಕೂರಿಸಿ ತೆಗೆದ ಚಿತ್ರದಿಂದ ಮಗುವಿಗೆ ಸಿಗುವುದು ಏನೂ ಇಲ್ಲ. ಗಲ್ಫ್ ದೇಶಗಳಲ್ಲಿ ದುಡಿಯುವ ಕರಾವಳಿಯ ಎಷ್ಟೋ ಕುಟುಂಬಗಳು ಡಿಸೆಂಬರಿನ ರಜೆಯಲ್ಲೇ ಊರಿಗೆ ಬರುವುದರಿಂದ ಅಂತಹ ಮಗುವಿಗೆ ಅಜ್ಜ ಅಜ್ಜಿಯರ ಮುಖವೇ ಹೊಸತಾಗಿರುತ್ತದೆಂಬುದನ್ನೂ ಮರೆಯಬಾರದು. ಬಂದಿಳಿದ ಒಂದೆರಡು ದಿನ ಎಲ್ಲೂ ಕರೆದೊಯ್ಯದೆ, ಯಾರೂ ಎತ್ತಿಕೊಳ್ಳಲು ಅವಸರಪಡದೆ, ಮಗು ತಾನಾಗಿ ಹತ್ತಿರ ಬರುವವರೆಗೆ ತಾಳಿದರೆ ಉಳಿದ ರಜೆ ಸುಗಮವಾಗುತ್ತದೆ.

ಊರಾಚೆಯ ತಿರುಗಾಟಕ್ಕೆ ಹೊರಡುವವರು ಸ್ಥಳಕ್ಕಿಂತ ಹೊತ್ತನ್ನು ಮೊದಲು ಆರಿಸಿಕೊಳ್ಳಬೇಕು. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ ಮತ್ತು ಮಾಡಿನ ತುಂಬ ಇಟಲಿಯ ಕಲಾವಿದ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಬಿಡಿಸಿದ ಚಿತ್ರಗಳನ್ನು ಮಗು ತಲೆಯೆತ್ತಿ ನೋಡಬೇಕಾದರೆ ಜನ ಕಡಿಮೆಯಿರುವ ಬೆಳಿಗ್ಗೆಯೇ ಸರಿ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ 1933ರಲ್ಲಿ ಅಡಿಗಲ್ಲಿಟ್ಟ ಸಂತ ಫಿಲೋಮಿನಾ ಚರ್ಚಿನ 175 ಅಡಿಯ ಜೋಡಿ ಗೋಪುರಗಳು ದೂರದಿಂದಲೇ ಕಾಣುವುದರಿಂದ, ನೆಲಮಾಳಿಗೆಯ ಇಕ್ಕಟ್ಟಿನ ಮೆಟ್ಟಿಲಿಗೆ ಮಗುವನ್ನು ಇಳಿಸದೆ ವಿಶಾಲವಾದ ಅಂಗಳದಲ್ಲಿ ಓಡಾಡಲು ಬಿಟ್ಟರೂ ನಡೆಯುತ್ತದೆ. ಬೆಂಗಳೂರಿನಲ್ಲಿ ವರ್ಷಾಂತ್ಯಕ್ಕೆ ನಡೆಯುವ ಕೇಕ್ ಪ್ರದರ್ಶನದ ಸಕ್ಕರೆಯ ಅರಮನೆಗಳು ಮಕ್ಕಳಿಗೆ ಖುಷಿ ಕೊಡುವಂತಹವೇ, ಆದರೆ ರಜಾ ದಿನದ ಸಂಜೆ ಅಲ್ಲಿ ಮಗುವಿಗೆ ಕಾಣುವುದು ದೊಡ್ಡವರ ಮೊಣಕಾಲುಗಳು ಮಾತ್ರ. ಬ್ರಿಗೇಡ್ ರಸ್ತೆಯ ದೀಪಗಳ ಕೆಳಗಿನ ನೂಕುನುಗ್ಗಲಂತೂ ಈ ವಯಸ್ಸಿನ ಮಕ್ಕಳಿಗೆ ಖಂಡಿತ ಅಲ್ಲ. ದಿನಕ್ಕೊಂದೇ ಭೇಟಿ, ಅದೂ ಒಂದು ಗಂಟೆಯೊಳಗೆ ಮುಗಿಯುವಂತಿದ್ದರೆ ಮಗುವೂ ನಗುತ್ತಾ ಮರಳುತ್ತದೆ.

ಹಬ್ಬದ ರಾತ್ರಿ ಮಗು ಮಲಗಿಬಿಟ್ಟರೆ ಹೆತ್ತವರು ದಯವಿಟ್ಟು ಎಬ್ಬಿಸದಿರಲಿ. ಬಾಲಯೇಸುವಿನ ಗೊಂಬೆಯನ್ನು ಬೆಳಿಗ್ಗೆ ಮಗುವಿನ ಕೈಯಿಂದಲೇ ಇಡಿಸಬಹುದು, ಮತ್ತು ಜ್ಞಾನಿಗಳು ಬಂದು ತಲುಪಿದ ದಿನವೆಂದು ಆಚರಿಸುವ ಜನವರಿ 6ರವರೆಗೂ ಗೋದಲಿ ಮನೆಯಲ್ಲೇ ಇರುತ್ತದೆ.