ಹೊಸ ಲ್ಯಾಪ್‌ಟಾಪಿಗೆ ಮೊದಲು ಹಳೆಯದರ ಡಿಸ್ಕ್ ನೋಡಿ

ಕಳೆದ ದಸರಾ ರಜೆಯಲ್ಲಿ ಒಂದು ದಿನ ನಮ್ಮ ಮನೆಯ ಲ್ಯಾಪ್‌ಟಾಪಿನ ಬಟನ್ ಒತ್ತಿ, ಮೊಬೈಲಿನಲ್ಲಿ ಸ್ಟಾಪ್‌ವಾಚ್ ಶುರು ಮಾಡಿದೆ. ಪಾಸ್‌ವರ್ಡ್ ಹಾಕಿ, ಬ್ರೌಸರ್ ತೆರೆದು, ಮೊದಲ ಪುಟ ಕಾಣುವ ಹೊತ್ತಿಗೆ 6 ನಿಮಿಷ 40 ಸೆಕೆಂಡ್ ಆಗಿತ್ತು. ಅಷ್ಟರಲ್ಲಿ ಅಮ್ಮೀ ಚಹಾ ಮಾಡಿ ತಂದು, ನಾನು ಅರ್ಧ ಕುಡಿದೂ ಆಗಿತ್ತು.

ಆ ಲ್ಯಾಪ್‌ಟಾಪ್ 2016ರಲ್ಲಿ ಆಪಾ ಡಿಗ್ರಿಗೆ ಸೇರಿದಾಗ ಕೊಂಡದ್ದು. ಇಂಟೆಲ್ ಕೋರ್ ಐ3 5005ಯು ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಅಬ್ಬಾ ಅವರ ಟೈಲರಿಂಗ್ ಸಾಮಾನಿನ ಅಂಗಡಿಯ ಲೆಕ್ಕ, ನನ್ನ ನೋಟ್ಸ್, ಸ್ಕಾಲರ್‌ಶಿಪ್ ಅರ್ಜಿಯ ದಾಖಲೆಗಳು ಎಲ್ಲವೂ ಅದರಲ್ಲೇ. ರಿಪೇರಿ ಅಂಗಡಿಯವರು ಎರಡು ನಿಮಿಷ ನೋಡಿ, "ಇದರ ಕಾಲ ಮುಗೀತು, ಹೊಸದು ತಗೊಳ್ಳಿ, 35 ಸಾವಿರ ಆಗುತ್ತೆ" ಎಂದರು. ಅಬ್ಬಾ ಏನೂ ಮಾತಾಡದೆ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡರು. ನನ್ನ ಹತ್ತಿರ ಈದಿಯಿಂದ ಉಳಿಸಿದ 3,400 ರೂಪಾಯಿ ಇತ್ತು. ಅಷ್ಟರಲ್ಲಿ ಏನು ಮಾಡಬಹುದು ಎಂದು ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಇಂಥ ಲ್ಯಾಪ್‌ಟಾಪ್ ಇರುವ ಮನೆಗಳು ಬಹಳ ಇವೆ ಎಂದು ನನಗೆ ಗೊತ್ತು.

ಆಗ ಇನ್ನೊಂದು ತಲೆನೋವೂ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ 8ನೇ ತಲೆಮಾರಿನ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ನಮ್ಮದು 5ನೇ ತಲೆಮಾರು. ಹಾಗಾಗಿ ಲಿನಕ್ಸ್ ಕಡೆ ತಿರುಗಿದೆ. ಲಿನಕ್ಸ್ ಉಚಿತ, ಹಳೆಯ ಯಂತ್ರದಲ್ಲೂ ಓಡುತ್ತದೆ. ಆದರೆ ಅದನ್ನು ಹಾಕಿದ ಮಾತ್ರಕ್ಕೆ ಹಳೆಯ ಲ್ಯಾಪ್‌ಟಾಪ್ ಹೊಸದಾಗುತ್ತದೆ ಎಂದು ಹೇಳುವವರನ್ನು ನಂಬಬೇಡಿ. ನನ್ನ ಸ್ನೇಹಿತನೊಬ್ಬ ಹಳೆಯ ಹಾರ್ಡ್ ಡಿಸ್ಕಿನಲ್ಲೇ ಲಿನಕ್ಸ್ ಹಾಕಿಕೊಂಡಿದ್ದಾನೆ. ಅವನದು ಆನ್ ಆಗಲು ಈಗಲೂ ಒಂದೂವರೆ ನಿಮಿಷದ ಮೇಲೆ ಬೇಕು, ಬ್ರೌಸರ್ ತೆರೆಯಲು ಮತ್ತೆ ಕಾಯಬೇಕು.

ಕಾರಣವನ್ನು ನಮ್ಮ ಅಂಗಡಿಯ ಉದಾಹರಣೆಯಿಂದ ಹೇಳುತ್ತೇನೆ. ಗಿರಾಕಿ ಕೇಳಿದ ಗುಂಡಿ, ಜಿಪ್, ದಾರ ಎಲ್ಲವನ್ನೂ ಅಬ್ಬಾ ಕೌಂಟರ್ ಮೇಲೆ ಹರಡಿ ತೋರಿಸುತ್ತಾರೆ. ಕೌಂಟರ್ ಎಂದರೆ ರ‍್ಯಾಮ್. ಉಳಿದ ಸಾಮಾನು ಅಟ್ಟದ ಮೇಲಿದೆ. ಅಟ್ಟ ಎಂದರೆ ಡಿಸ್ಕ್. ಹಳೆಯ ಹಾರ್ಡ್ ಡಿಸ್ಕ್ ಎಂದರೆ ಒಂದೇ ಏಣಿ, ಒಬ್ಬನೇ ಹುಡುಗ. ಹತ್ತು ಬಗೆಯ ಗುಂಡಿ ಬೇಕೆಂದರೆ ಅವನು ಹತ್ತು ಸಲ ಹತ್ತಿ ಇಳಿಯಬೇಕು. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುವ ತಟ್ಟೆ ಇರುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಓದುವ ಕಡ್ಡಿ ಸರಿಯಾದ ಜಾಗಕ್ಕೆ ಸರಿಯಬೇಕು, ಬೇಕಾದ ಭಾಗ ಅದರ ಕೆಳಗೆ ಬರುವವರೆಗೆ ಕಾಯಬೇಕು. ಹೀಗಾಗಿ ಅಲ್ಲಲ್ಲಿ ಚದುರಿದ ಸಣ್ಣ ಫೈಲುಗಳಾದರೆ ಸೆಕೆಂಡಿಗೆ ಅರವತ್ತು ಎಪ್ಪತ್ತು ತುಣುಕು ಸಿಕ್ಕರೆ ಹೆಚ್ಚು. ಕಂಪ್ಯೂಟರ್ ಆನ್ ಆಗುವಾಗ ಅಂಥ ಸಾವಿರಾರು ತುಣುಕುಗಳು ಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಚಿಪ್ ಮಾತ್ರ. ಸಾಧಾರಣ ಎಸ್‌ಎಸ್‌ಡಿಯೂ ಸೆಕೆಂಡಿಗೆ ಇಂಥ ಸಾವಿರಾರು ತುಣುಕುಗಳನ್ನು ಕೊಡುತ್ತದೆ.

ಇಷ್ಟು ಓದಿದ ಮೇಲೂ ನಾನು ಮೊದಲು ತಪ್ಪನ್ನೇ ಮಾಡಿದೆ. ಕೇಳಿದವರೆಲ್ಲ "ರ‍್ಯಾಮ್ ಹಾಕಿಸು" ಎಂದಿದ್ದರು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಎಂಬ ಪುಟವಿದೆ. ಅದರಲ್ಲಿ ಡಿಸ್ಕ್ ಶೇಕಡಾ 100, ಮೆಮೊರಿ ಶೇಕಡಾ 62 ಎಂದು ಕಣ್ಣೆದುರೇ ಕಾಣುತ್ತಿತ್ತು. ಕೌಂಟರ್‌ನಲ್ಲಿ ಇನ್ನೂ ಜಾಗವಿದೆ, ಹುಡುಗ ಮಾತ್ರ ಏದುಸಿರು ಬಿಡುತ್ತಿದ್ದಾನೆ ಎಂದು ಇದರ ಅರ್ಥ. ಆದರೂ ಹೋಗಿ 550 ರೂಪಾಯಿ ಕೊಟ್ಟು 4 ಜಿಬಿಯ ಹಳೆಯ ರ‍್ಯಾಮ್ ತಂದೆ. ಹಾಕಿ ಬಟನ್ ಒತ್ತಿದರೆ ಫ್ಯಾನ್ ಸದ್ದು ಬಂತು, ಪರದೆ ಕಪ್ಪಾಗಿಯೇ ಉಳಿಯಿತು. ನನ್ನ ಕೈ ನಡುಗಿತು. ಅಂಗಡಿಯ ಲೆಕ್ಕದ ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ. ಹೊಸ ರ‍್ಯಾಮ್ ತೆಗೆದ ಮೇಲೆ ಲ್ಯಾಪ್‌ಟಾಪ್ ಮತ್ತೆ ಆನ್ ಆಯಿತು, ಅಲ್‌ಹಮ್ದುಲಿಲ್ಲಾಹ್.

ನಾನು ತಂದದ್ದು ಡಿಡಿಆರ್3. ನಮಗೆ ಬೇಕಾದದ್ದು ಡಿಡಿಆರ್3ಎಲ್. ನೋಡಲು ಎರಡೂ ಒಂದೇ, ಸ್ಲಾಟಿಗೂ ಸರಿಯಾಗಿ ಕೂರುತ್ತವೆ. ಆದರೆ ಮೊದಲನೆಯದು 1.5 ವೋಲ್ಟ್, ಎರಡನೆಯದು 1.35 ವೋಲ್ಟ್. ನಮ್ಮಂಥ ಪ್ರೊಸೆಸರಿಗೆ 1.35 ವೋಲ್ಟಿನದೇ ಆಗಬೇಕು. ರ‍್ಯಾಮ್ ಮೇಲಿನ ಚೀಟಿಯಲ್ಲಿ ಪಿಸಿ3 ಎಂದಿದೆಯೋ ಪಿಸಿ3ಎಲ್ ಎಂದಿದೆಯೋ ನೋಡಿದ್ದರೆ ಸಾಕಾಗುತ್ತಿತ್ತು. ಅಂಗಡಿಯವರ ತಪ್ಪಲ್ಲ, ನಾನು ಕೇಳಿದ್ದನ್ನೇ ಅವರು ಕೊಟ್ಟಿದ್ದರು. 150 ರೂಪಾಯಿ ಹೆಚ್ಚಿಗೆ ತೆಗೆದುಕೊಂಡು ಬದಲಾಯಿಸಿದರು. ಡಿಡಿಆರ್4 ಆದರೆ ಅದರ ಕಚ್ಚೇ ಬೇರೆ ಜಾಗದಲ್ಲಿರುತ್ತದೆ, ಹಳೆಯ ಸ್ಲಾಟಿಗೆ ಕೂರುವುದೇ ಇಲ್ಲ. ಹಾಗಾಗಿ ಅಂಗಡಿಗೆ ಹೋಗುವಾಗ ನಿಮ್ಮ ಹಳೆಯ ರ‍್ಯಾಮಿನ ಫೋಟೊ ತೆಗೆದುಕೊಂಡೇ ಹೋಗಿ.

ಸರಿಯಾದ ರ‍್ಯಾಮ್ ಹಾಕಿ ಮತ್ತೆ ಸ್ಟಾಪ್‌ವಾಚ್ ಹಿಡಿದೆ. 6 ನಿಮಿಷ 25 ಸೆಕೆಂಡ್. 700 ರೂಪಾಯಿಗೆ 15 ಸೆಕೆಂಡ್!

ಮುಂದಿನ ಹೆಜ್ಜೆಗೆ ದುಡ್ಡು ಬೇಕಾಗಿರಲಿಲ್ಲ. ಸ್ನೇಹಿತನ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟ್ ಡೌನ್‌ಲೋಡ್ ಮಾಡಿ, ರೂಫಸ್ ಎಂಬ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವಿಗೆ ಹಾಕಿದೆವು. ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಅಳಿಸಿಹೋಗುತ್ತದೆ, ನೆನಪಿರಲಿ. ಲ್ಯಾಪ್‌ಟಾಪಿನ ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವಿನಿಂದಲೇ ಲಿನಕ್ಸ್ ನಡೆಸಿ ನೋಡಬಹುದು. ವೈಫೈ, ಸೌಂಡ್, ಟಚ್‌ಪ್ಯಾಡ್, ಪರದೆಯ ಬೆಳಕು ಎಲ್ಲವೂ ಕೆಲಸ ಮಾಡುತ್ತವೆಯೇ ಎಂದು ಆಗಲೇ ಗೊತ್ತಾಗುತ್ತದೆ. ಕೆಲವು ವೈಫೈ ಚಿಪ್‌ಗಳಿಗೆ, ಮುಖ್ಯವಾಗಿ ಬ್ರಾಡ್‌ಕಾಮ್‌ನವಕ್ಕೆ, ಬೇರೆ ಡ್ರೈವರ್ ಹಾಕಬೇಕಾಗುತ್ತದೆ. ಆಗ ಮೊಬೈಲನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಮಾಡಿದರೆ ಇಂಟರ್‌ನೆಟ್ ಸಿಗುತ್ತದೆ.

ಮಿಂಟ್‌ನಲ್ಲಿ ಡಿಸ್ಕ್ಸ್ ಎಂಬ ಪುಟ್ಟ ತಂತ್ರಾಂಶವಿದೆ. ಅದರಲ್ಲಿ ಸ್ಮಾರ್ಟ್ ಎಂಬ ವರದಿ ತೆರೆದರೆ ಡಿಸ್ಕಿನ ಆರೋಗ್ಯ ಕಾಣುತ್ತದೆ. ಕೆಟ್ಟುಹೋಗಿ ಬದಲಿ ಜಾಗ ಪಡೆದ ಭಾಗಗಳು ಎಷ್ಟು, ಓದಲಾಗದೆ ಬಾಕಿ ಉಳಿದವು ಎಷ್ಟು ಎಂಬ ಎರಡು ಸಾಲು ಮುಖ್ಯ. ಎರಡೂ ಸೊನ್ನೆ ಇರಬೇಕು. ನಮ್ಮದರಲ್ಲಿ ಬಾಕಿ ಸಾಲಿನಲ್ಲಿ 16 ಎಂದಿತ್ತು. ಲ್ಯಾಪ್‌ಟಾಪ್ ನಿಧಾನವಾಗಿದೆ ಎಂದು ನಾವು ಬೈಯುತ್ತಿದ್ದೆವು, ಒಳಗೆ ಡಿಸ್ಕ್ ಸಾಯುತ್ತಿತ್ತು.

ಕೂಡಲೇ ಎಲ್ಲವನ್ನೂ ಇನ್ನೊಂದು ಪೆನ್‌ಡ್ರೈವಿಗೆ ನಕಲು ಮಾಡಲು ಕೂತೆ. ಒಂದು ಫೈಲ್ ಮಾತ್ರ ಬರಲಿಲ್ಲ. ಅದು ಉದ್ರಿ ಪಟ್ಟಿ. ಯಾವ ಟೈಲರ್ ಎಷ್ಟು ಕೊಡಬೇಕು ಎಂಬ ಲೆಕ್ಕ ಪೂರ್ತಿ ಅದರಲ್ಲಿತ್ತು. ನಾಲ್ಕು ಸಲ ಪ್ರಯತ್ನಿಸಿದರೂ ಅರ್ಧಕ್ಕೆ ನಿಲ್ಲುತ್ತಿತ್ತು. ಅಬ್ಬಾಗೆ ಹೇಗೆ ಹೇಳುವುದೆಂದು ರಾತ್ರಿ ಊಟ ಸೇರಲಿಲ್ಲ. ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಜುಲೈನಲ್ಲಿ ನಿನ್ನ ಮಾಮೂಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೆ, ನೋಡು ಬೇಟಾ" ಎಂದರು. ಸಿಕ್ಕಿತು. ಮೂರು ತಿಂಗಳ ಲೆಕ್ಕವನ್ನು ಬಿಲ್ ಪುಸ್ತಕ ನೋಡಿ ಮತ್ತೆ ತುಂಬಿದೆವು. ಎರಡು ಮೊತ್ತಗಳು ಇವತ್ತಿಗೂ ತಾಳೆಯಾಗಿಲ್ಲ.

ಈಗ ಎಸ್‌ಎಸ್‌ಡಿ ವಿಷಯ. ಮಾಮೂ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ 256 ಜಿಬಿಯದನ್ನು 1,750 ರೂಪಾಯಿಗೆ ತಂದುಕೊಟ್ಟರು. (ಆ ಮೇಲೆ ಎಐ ಸರ್ವರ್‌ಗಳಿಗೆ ಬೇಡಿಕೆ ಏರಿ ಮೆಮೊರಿ ಚಿಪ್‌ಗಳ ಬೆಲೆ ಹೆಚ್ಚಾಗಿದೆ, ಆದ್ದರಿಂದ ನನ್ನ ಬೆಲೆಯನ್ನೇ ನಂಬಿ ಹೋಗಬೇಡಿ.) ಹಾರ್ಡ್ ಡಿಸ್ಕ್ ಇದ್ದ ಹಳೆಯ ಲ್ಯಾಪ್‌ಟಾಪಿಗೆ ಬೇಕಾದದ್ದು ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ. ಹಳೆಯದನ್ನು ತೆಗೆದ ಜಾಗದಲ್ಲೇ ಅದು ಕೂರುತ್ತದೆ. ಸ್ವಲ್ಪ ಹೊಸ ಲ್ಯಾಪ್‌ಟಾಪುಗಳಲ್ಲಿ ಚೂಯಿಂಗ್ ಗಮ್ ಪಟ್ಟಿಯಂಥ ಎಂ.2 ಇರುತ್ತದೆ. ಇಲ್ಲಿ ಮೋಸ ಹೋಗುವವರು ಬಹಳ. ಎಂ.2 ಆಕಾರದಲ್ಲಿ ಸಾಟಾ ಒಂದು, ಎನ್‌ವಿಎಂಇ ಇನ್ನೊಂದು. ಸಾಟಾದ ಪಟ್ಟಿಗೆ ಸಾಮಾನ್ಯವಾಗಿ ಎರಡು ಕಚ್ಚು, ಎನ್‌ವಿಎಂಇಗೆ ಸಾಮಾನ್ಯವಾಗಿ ಒಂದು. ಒಂದಕ್ಕೆ ಮಾತ್ರ ಮಾಡಿದ ಸ್ಲಾಟಿಗೆ ಇನ್ನೊಂದನ್ನು ಹಾಕಿದರೆ ಲ್ಯಾಪ್‌ಟಾಪ್ ಅದನ್ನು ಗುರುತಿಸುವುದೇ ಇಲ್ಲ.

ಪೆಟ್ಟಿಗೆಯ ಮೇಲೆ ಸಾಟಾ ಎಂದರೆ ಸೆಕೆಂಡಿಗೆ 550 ಎಂಬಿ, ಎನ್‌ವಿಎಂಇ ಎಂದರೆ 3,500 ಎಂಬಿ ಎಂದೆಲ್ಲ ಬರೆದಿರುತ್ತದೆ. ಆ ಸಂಖ್ಯೆ ದೊಡ್ಡ ಸಿನಿಮಾ ಫೈಲ್ ನಕಲು ಮಾಡುವಾಗಿನದು. ನಮಗೆ ಬೇಕಾದದ್ದು ಸಣ್ಣ ತುಣುಕುಗಳು ಬೇಗ ಸಿಗುವುದು. ಆ ಕೆಲಸಕ್ಕೆ ಕಡಿಮೆ ಬೆಲೆಯ ಸಾಟಾ ಸಾಕು. ಗಾತ್ರವೂ ಅಷ್ಟೆ. ಲಿನಕ್ಸ್ ಮಿಂಟ್‌ಗೆ ಕನಿಷ್ಠ 20 ಜಿಬಿ ಜಾಗ ಬೇಕು, 100 ಇದ್ದರೆ ಒಳ್ಳೆಯದು. ವಿದ್ಯಾರ್ಥಿಗೆ 256 ಧಾರಾಳ. 256 ಎಂದು ಕೊಂಡದ್ದು ವಿಂಡೋಸ್‌ನಲ್ಲಿ 238 ಎಂದು ಕಂಡರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ, ಲೆಕ್ಕ ಹಾಕುವ ಪದ್ಧತಿ ಬೇರೆ ಅಷ್ಟೆ. ಕೆಲವು ನೂರು ರೂಪಾಯಿಗೆ 2 ಟಿಬಿ ಕೊಡುತ್ತೇನೆ ಎನ್ನುವವರ ಜೊತೆ ಮಾತ್ರ ಜಗಳವೂ ಬೇಡ, ವ್ಯಾಪಾರವೂ ಬೇಡ.

ಜೋಡಿಸುವುದು ಅಂಥ ಕಷ್ಟವೇನಲ್ಲ. ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಿ, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು ಆಮೇಲೆ ಕೈ ಹಾಕಿ. ಭಾಯಿಜಾನ್ ದೂರ ನಿಂತು "ಸುಟ್ಟುಬಿಡ್ತೀಯ" ಎನ್ನುತ್ತಲೇ ಇದ್ದರು, ಟಾರ್ಚ್ ಹಿಡಿದದ್ದೂ ಅವರೇ. ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಿದೆ. ಹಳೆಯ ಯಂತ್ರಕ್ಕೆ ಅದು ಹಗುರ. ಈಗಿನ 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ. ಸ್ಟಾಪ್‌ವಾಚ್ ಹಿಡಿದು ಬಟನ್ ಒತ್ತಿದೆ. ಬ್ರೌಸರಿನ ಮೊದಲ ಪುಟ 41 ಸೆಕೆಂಡಿಗೆ ಬಂತು. ಅಮ್ಮೀ ಇನ್ನೂ ಚಹಾಕ್ಕೆ ನೀರು ಇಟ್ಟಿರಲಿಲ್ಲ.

ಹಾಗಾದರೆ ರ‍್ಯಾಮ್ ದಂಡವೇ? ಅಲ್ಲ. ಮಿಂಟ್ ಸುಮ್ಮನೆ ಕೂತಿರುವಾಗ ನಮ್ಮಲ್ಲಿ 1 ಜಿಬಿಗಿಂತ ಕಡಿಮೆ ರ‍್ಯಾಮ್ ತೆಗೆದುಕೊಳ್ಳುತ್ತದೆ. ಆದರೆ ವೆಬ್‌ಸೈಟುಗಳನ್ನು ಲಿನಕ್ಸ್ ಚಿಕ್ಕದು ಮಾಡುವುದಿಲ್ಲ. ಹತ್ತು ಟ್ಯಾಬ್ ತೆರೆದು ಆನ್‌ಲೈನ್ ಕ್ಲಾಸ್ ಕೂಡ ನಡೆಸಿದರೆ 4 ಜಿಬಿ ತುಂಬಿಯೇ ತುಂಬುತ್ತದೆ. ಆಗ ಕೌಂಟರಿನ ಸಾಮಾನನ್ನು ಮತ್ತೆ ಅಟ್ಟಕ್ಕೆ ಸಾಗಿಸಬೇಕಾಗುತ್ತದೆ. ಹಾರ್ಡ್ ಡಿಸ್ಕ್ ಆದರೆ ಯಂತ್ರ ನಿಂತೇಬಿಡುತ್ತದೆ, ಎಸ್‌ಎಸ್‌ಡಿ ಆದರೆ ಸ್ವಲ್ಪ ತಡವರಿಸಿ ಮುಂದೆ ಹೋಗುತ್ತದೆ. ಅದಕ್ಕೇ ದುಡ್ಡು ಒಂದಕ್ಕೆ ಮಾತ್ರ ಇದ್ದರೆ ಎಸ್‌ಎಸ್‌ಡಿ ಮೊದಲು. ಉಳಿದರೆ ರ‍್ಯಾಮನ್ನು 8 ಜಿಬಿಗೆ ಏರಿಸಿ. ಅದಕ್ಕಿಂತ ಹೆಚ್ಚು ನಮ್ಮ ಕೆಲಸಕ್ಕೆ ಬೇಡ.

ಎಲ್ಲ ಲ್ಯಾಪ್‌ಟಾಪಿಗೂ ಇದು ಸಾಧ್ಯವಿಲ್ಲ. ತೀರಾ ಕಡಿಮೆ ಬೆಲೆಯ ಕೆಲವು ಮಾದರಿಗಳಲ್ಲಿ ಡಿಸ್ಕಿನ ಬದಲು 32 ಅಥವಾ 64 ಜಿಬಿಯ ಇಎಂಎಂಸಿ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ರ‍್ಯಾಮೂ ಹಾಗೆಯೇ ಇರಬಹುದು. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ ಎಂದು ತೋರಿಸುತ್ತದೆ. ಫಾರ್ಮ್ ಫ್ಯಾಕ್ಟರ್ ಎಂಬಲ್ಲಿ ಎಸ್‌ಒಡಿಐಎಂಎಂ ಎಂದಿದ್ದರೆ ಬದಲಾಯಿಸಬಹುದು. ರೋ ಆಫ್ ಚಿಪ್ಸ್ ಎಂದಿದ್ದರೆ ಬೆಸುಗೆ ಎಂದು ತಿಳಿಯಿರಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಈ ಪುಟ ನೋಡಲೇಬೇಕು.

ಕಾಮರ್ಸ್‌ನವರಿಗೆ ಒಂದು ತೊಂದರೆಯನ್ನೂ ಹೇಳಬೇಕು. ಟ್ಯಾಲಿ ವಿಂಡೋಸ್‌ಗೆಂದು ಮಾಡಿದ್ದು, ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ನಾನು ಅದನ್ನು ಕಾಲೇಜಿನ ಲ್ಯಾಬ್‌ನಲ್ಲೇ ಅಭ್ಯಾಸ ಮಾಡುತ್ತೇನೆ. ಮನೆಯಲ್ಲೇ ಬೇಕಾದವರು ಎಸ್‌ಎಸ್‌ಡಿ ಹಾಕಿಕೊಂಡು ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳಬಹುದು. ಅಬ್ಬಾ ಅವರ ಎಕ್ಸೆಲ್ ಫೈಲುಗಳು ಲಿಬ್ರೆಆಫೀಸ್‌ನಲ್ಲಿ ತೊಂದರೆಯಿಲ್ಲದೆ ತೆರೆದವು. ಈ ಲೇಖನವನ್ನೂ ಅದರಲ್ಲೇ, ಕಗಪ ಕೀಲಿಮಣೆಯಲ್ಲಿ ಬರೆದೆ. ಕನ್ನಡ, ಉರ್ದು, ಇಂಗ್ಲಿಷ್ ಮೂರು ಕೀಲಿಮಣೆಗಳನ್ನೂ ಸೆಟ್ಟಿಂಗ್ಸ್‌ನಲ್ಲೇ ಸೇರಿಸಿಕೊಳ್ಳಬಹುದು.

ಒಟ್ಟು ಖರ್ಚು 2,450 ರೂಪಾಯಿ. ಇದು ಬಂಡವಾಳ ವೆಚ್ಚವೋ ಕಂದಾಯ ವೆಚ್ಚವೋ ಎಂದು ಅಕೌಂಟೆನ್ಸಿ ಸರ್ ಅವರನ್ನು ಕೇಳಿದೆ. ಕೆಟ್ಟದ್ದರ ಬದಲು ಅಂಥದ್ದೇ ಹಾಕಿದ್ದರೆ ರಿಪೇರಿ, ಆಸ್ತಿಯ ಸಾಮರ್ಥ್ಯ ಹೆಚ್ಚಿದ್ದರೆ ಬಂಡವಾಳ ಎಂದು ಹೇಳಿ, "ನಿನ್ನದು ಯಾವುದು, ನೀನೇ ಬರೆದುಕೊಂಡು ಬಾ" ಎಂದರು.

ನಿಮ್ಮ ಲ್ಯಾಪ್‌ಟಾಪ್ ತೋರಿಸಬೇಕೆಂದಿದ್ದರೆ ಊಟದ ಬಿಡುವಿನಲ್ಲಿ ದ್ವಿತೀಯ ಪಿಯು ಕಾಮರ್ಸ್ ತರಗತಿಗೆ ಬನ್ನಿ. ಮೊದಲ ದಿನ ಯಂತ್ರ ಬೇಡ, ಟಾಸ್ಕ್ ಮ್ಯಾನೇಜರ್‌ನ ಡಿಸ್ಕ್ ಮತ್ತು ಮೆಮೊರಿ ಪುಟಗಳ ಫೋಟೊ ಸಾಕು. ಎರಡನೆಯ ದಿನ ಯಂತ್ರ ತನ್ನಿ. ಅದರಲ್ಲಿರುವ ಫೈಲುಗಳ ಪ್ರತಿ ಬೇರೆ ಕಡೆ ಇಟ್ಟು ಬಂದಿರದಿದ್ದರೆ ನಾನು ಸ್ಕ್ರೂಡ್ರೈವರ್ ಮುಟ್ಟುವುದಿಲ್ಲ.