ಪರದೆ ಕತ್ತಲಾದರೆ ಕೊಳವೆಯನ್ನೇ ದೂರಬೇಡಿ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯ ರೇಡಿಯೋ ಸಾಮಾನಿನ ಅಂಗಡಿಗಳು ನಮ್ಮ ವಾಚಕರಲ್ಲಿ ಅನೇಕರಿಗೆ ಪರಿಚಿತವಾಗಿವೆ. ರೇಡಿಯೋ ರಿಪೇರಿಯ ಗೀಳುಳ್ಳವರು ಬಲು ಆಸೆಯಿಂದ ಹುಡುಕುವ ಹಳೆಯ ಯಂತ್ರವೆಂದರೆ ಆಸಿಲೋಸ್ಕೋಪು. ವಿದ್ಯುತ್ತಿನ ಏರಿಳಿತವನ್ನು ಹಸಿರು ಗೆರೆಯಾಗಿ ಕಣ್ಣಿಗೆ ತೋರಿಸುವುದು ಅದರ ಕೆಲಸ. ಆ ಗೆರೆ ಮೂಡುವ ಗಾಜಿನ ಬುರುಡೆಯೇ ಕ್ಯಾಥೋಡ್ ಕಿರಣ ಕೊಳವೆ. ಜರ್ಮನಿಯ ಫರ್ಡಿನಂಡ್ ಬ್ರೌನ್ ಎಂಬ ವಿಜ್ಞಾನಿಯು 1897ರಲ್ಲಿ ಇದನ್ನು ನಿರ್ಮಿಸಿದನು.

ಯಂತ್ರ ಹಚ್ಚಿದಾಗ ಪರದೆ ಕತ್ತಲಾಗಿದ್ದರೆ “ಕೊಳವೆ ಹೋಯಿತು” ಎಂದು ತೀರ್ಪು ಕೊಡುವವರೇ ಬಹಳ. ಕಾಫಿ ರುಚಿಯಿಲ್ಲವೆಂದು ಗಿರಾಕಿ ದೂರಿದೊಡನೆ ಪುಡಿಯನ್ನು ಬೈಯುವ ಮಾಣಿಗಳನ್ನು ನಾವು ಗಲ್ಲಾದಲ್ಲಿ ಕುಳಿತು ಸಾಕಷ್ಟು ಕಂಡಿದ್ದೇವೆ. ನೀರೇ ಸರಿಯಾಗಿ ಕಾದಿರಲಿಲ್ಲವೆಂಬುದು ಆಮೇಲೆ ತಿಳಿಯುತ್ತಿತ್ತು. ಆದರೆ ಇಲ್ಲಿ ಅವಸರದ ತೀರ್ಪು ಯಂತ್ರಕ್ಕೆ ಮರಣದಂಡನೆಯೇ ಸರಿ. ಅಮೆರಿಕದ ಟೆಕ್ಟ್ರಾನಿಕ್ಸ್ ಕಂಪೆನಿಯು ತನ್ನ ಯಂತ್ರಗಳಿಗೆ ಬೇಕಾದ ಕೊಳವೆಗಳನ್ನು ತಾನೇ ಮಾಡಿಕೊಳ್ಳುತ್ತಿತ್ತು. ಇಂದು ಅವು ತಯಾರಾಗುವುದಿಲ್ಲ. ಒಂದು ಬೇಕಾದರೆ ಅದೇ ಜಾತಿಯ ಇನ್ನೊಂದು ಯಂತ್ರವನ್ನು ಕಳಚಬೇಕು.

ಆ ಕಂಪೆನಿಯ 1960ರ ದಶಕದ 547 ಎಂಬ ಮಾದರಿಯನ್ನೇ ನೋಡಿರಿ. ಹಚ್ಚಿದಾಗ ಗೆರೆ ಚೆನ್ನಾಗಿಯೇ ಇರುತ್ತದೆ. ಯಂತ್ರ ಬಿಸಿಯೇರಿದಂತೆ ಚಿತ್ರವು ಉಬ್ಬಿ, ಮಂಕಾಗಿ, ಕೊನೆಗೆ ಮಾಯವಾಗುತ್ತದೆ. ಇದು ಕೊಳವೆಯ ದೋಷವಲ್ಲ. ಅದಕ್ಕೆ ಸುಮಾರು 10,000 ವೋಲ್ಟ್ ಒದಗಿಸುವ ವ್ಯವಸ್ಥೆಯಲ್ಲಿರುವ ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನು ಎಪಾಕ್ಸಿ ಅಂಟಿನಲ್ಲಿ ಹುದುಗಿಸಿದ್ದಾರೆ. ವರ್ಷಗಳು ಕಳೆದಂತೆ ಅದು ಕೆಡುತ್ತದೆ. ಕಾದಾಗ ಶಕ್ತಿಯನ್ನು ತಾನೇ ನುಂಗತೊಡಗುತ್ತದೆ. ವೋಲ್ಟು ಇಳಿದರೆ ಕಿರಣದ ವೇಗ ತಗ್ಗುವುದು. ನಿಧಾನವಾದ ಕಿರಣ ಹೆಚ್ಚು ಬಾಗುವುದು. ಚಿತ್ರ ಉಬ್ಬುವುದು ಅದರಿಂದಲೇ. ಸುರುಳಿಯನ್ನು ಹೊಸದಾಗಿ ಸುತ್ತಿದರೆ ಗೆರೆ ಮರಳಿ ನಿಲ್ಲುತ್ತದೆ.

ಗೆರೆ ಮೊದಲಿನಿಂದಲೇ ಕಾಣದಿದ್ದರೆ, ಕೊಳವೆಯ ಹಿಂಬದಿಯಲ್ಲಿ ಹೀಟರಿನ ಕೆಂಪು ಬೆಳಕು ಇದೆಯೇ ಎಂದು ನೋಡತಕ್ಕದ್ದು. ಇದ್ದರೆ, ಯಂತ್ರವನ್ನು ಆರಿಸಿ, ಕಿರಣವನ್ನು ಮೇಲೆ ಕೆಳಗೆ ಸರಿಸುವ ಎರಡು ಫಲಕಗಳ ತಂತಿಗಳನ್ನು ಒಂದಕ್ಕೊಂದು ಕೂಡಿಸಿ, ಪ್ರಕಾಶವನ್ನು ತಗ್ಗಿಸಿಟ್ಟು ಮತ್ತೆ ಹಚ್ಚಬೇಕು. ನಡುವಿನಲ್ಲಿ ಗೆರೆ ಮೂಡಿತೇ? ಕೊಳವೆ ನಿರಪರಾಧಿ, ಅದಕ್ಕೆ ಸಂಕೇತ ಒಯ್ಯುವ ಆಂಪ್ಲಿಫೈಯರಿನಲ್ಲಿಯೇ ತಪ್ಪನ್ನು ಹುಡುಕಬೇಕು.

ಕೊಳವೆ ನಿಜಕ್ಕೂ ಸಾಯುವುದುಂಟು. ಕತ್ತಿನ ಒಳಗೆ ಬೆಳ್ಳಿಯ ಕನ್ನಡಿಯಂತಿರುವ ಲೇಪವು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಹೊಕ್ಕಿದೆಯೆಂದರ್ಥ, ಅದಕ್ಕೆ ಮದ್ದಿಲ್ಲ. ಕ್ಯಾಥೋಡು ಬರಿದೇ ಬಳಲಿದ್ದರೆ, ಹೀಟರಿಗೆ ಸ್ವಲ್ಪಕಾಲ ಹೆಚ್ಚು ವೋಲ್ಟ್ ಕೊಟ್ಟು ಚೇತರಿಸುವ ಉಪಾಯವೊಂದಿದೆ. ಕೆಲವು ಕೊಳವೆಗಳು ಇದರಿಂದ ಒಂದಷ್ಟು ದಿನ ಬೆಳಗುತ್ತವೆ, ಕೆಲವು ಅಲ್ಲಿಯೇ ಹೀಟರು ಸುಟ್ಟು ಮುಗಿಯುತ್ತವೆ. ಬೇರೆ ದಾರಿಯಿಲ್ಲದಾಗ ಮಾತ್ರ ಇದು ಸಲ್ಲುವುದೆಂದು ನಮ್ಮ ಅಭಿಪ್ರಾಯ.

ಹೊಸಬರು ಇದನ್ನು ಬಲ್ಲವರ ಜೊತೆಗಲ್ಲದೆ ಒಬ್ಬರೇ ಮಾಡಕೂಡದು. ಪ್ಲಗ್ಗು ಕಿತ್ತ ಮೇಲೂ ಕಂಡೆನ್ಸರುಗಳಲ್ಲಿ ಪ್ರಾಣಾಂತಕ ವಿದ್ಯುತ್ತು ಉಳಿದಿರುತ್ತದೆ. ಅದನ್ನು ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಒಳಗೆ ಕೈಯಿಡಬೇಕು. ಕೊಳವೆಯೊಳಗೆ ನಿರ್ವಾತವಿದೆ, ಅದು ಒಡೆದರೆ ಗಾಜಿನ ಚೂರು ದೂರ ಸಿಡಿಯುತ್ತದೆ. ಹೊರತೆಗೆಯುವಾಗ ಕಣ್ಣಿಗೆ ಕನ್ನಡಕವಿರಲಿ, ಕತ್ತನ್ನು ಹಿಡಿದು ಎತ್ತಬೇಡಿ.