ಎಂಪ್ರೆಸ್ ಉದ್ಯಾನದ ಋತುಚರ್ಯೆ

ಪುಣೆಯ ದಂಡುಪ್ರದೇಶದಲ್ಲಿ, ಕುದುರೆಪಂದ್ಯದ ಮೈದಾನಕ್ಕೆ ಸಮೀಪವಾಗಿ, ಸುಮಾರು 39 ಎಕರೆಗಳಷ್ಟು ಹಬ್ಬಿರುವ ಎಂಪ್ರೆಸ್ ಉದ್ಯಾನವು ಮೊದಲಿಗೆ ಆಂಗ್ಲ ಸೈನಿಕರ ವಿಹಾರಸ್ಥಾನವಾಗಿದ್ದು ‘ಸೋಲ್ಜರ್ಸ್ ಗಾರ್ಡನ್’ ಎಂದು ಕರೆಯಿಸಿಕೊಳ್ಳುತ್ತಿತ್ತು. 1876ರಲ್ಲಿ ಭಾರತದ ಚಕ್ರವರ್ತಿನಿಯೆಂಬ ಬಿರುದನ್ನು ಧರಿಸಿದ ವಿಕ್ಟೋರಿಯಾ ರಾಣಿಯ ಗೌರವಾರ್ಥವಾಗಿ ಅದಕ್ಕೆ ಇಂದಿನ ಹೆಸರು ಬಂದಿತು. ನಮ್ಮ ಲಾಲ್‌ಬಾಗಿನ ಹಿಂದೆ ಸರ್ಕಾರದ ಇಲಾಖೆಯಿರುವಂತೆ ಇದರ ಹಿಂದೆ ಇಲ್ಲ. ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿ ಆಫ್ ವೆಸ್ಟರ್ನ್ ಇಂಡಿಯಾ ಎಂಬ ಹಳೆಯ ಸಂಸ್ಥೆಯೊಂದು ಇದರ ಪೋಷಣೆಯ ಭಾರವನ್ನು ಹೊತ್ತಿದೆ. ಆದರೂ ಜನವರಿಯ ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಬೆಂಗಳೂರಿನಂತೆಯೇ ಇಲ್ಲಿಯೂ ಫಲಪುಷ್ಪ ಪ್ರದರ್ಶನ ನೆರೆಯುತ್ತದೆ, ಊರಿಗೆ ಊರೇ ಬರುತ್ತದೆ.

ಆ ನಾಲ್ಕಾರು ದಿನಗಳ ವೈಭವವನ್ನು ಕಂಡು ಹಿಂದಿರುಗುವವರಿಗೆ, ಇಂಥ ತೋಟವೊಂದರ ಕ್ಯುರೇಟರು ಸದಾ ಬರಲಿರುವ ಋತುವಿನಲ್ಲಿಯೇ ಬಾಳುವವನು ಎಂಬುದು ಹೊಳೆಯುವುದು ಅಪರೂಪ. ಸಹ್ಯಾದ್ರಿಯ ಮಳೆಮರೆಯಲ್ಲಿರುವ ಪುಣೆಗೆ ವರ್ಷದಲ್ಲಿ ಬೀಳುವುದು ಸುಮಾರು 700 ಮಿಲಿಮೀಟರು ಮಳೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುವುದರಿಂದ, ಸಸಿ ನೆಡುವುದು, ಗೂಟಿ ಕಟ್ಟುವುದು, ಸೇವಂತಿಗೆಯ ಕಡ್ಡಿ ಊರುವುದು, ಕಾಲುವೆಗಳಲ್ಲಿ ಎಲೆ ಸೇರಿ ನೀರು ನಿಲ್ಲದಂತೆ ನೋಡುವುದು, ಎಲ್ಲವೂ ಆ ನಾಲ್ಕು ತಿಂಗಳಲ್ಲಿಯೇ ಆಗತಕ್ಕದ್ದು. ತೋಟದ ನಿಜವಾದ ಉತ್ಸವಕಾಲ ಇದೇ ಎಂದು ನಾನು ಭಾವಿಸುತ್ತೇನೆ. ಪ್ರೇಕ್ಷಕರು ಮಾತ್ರ ಆಗ ಇರುವುದಿಲ್ಲ.

ಮಳೆ ಹಿಂದೆಗೆಯುತ್ತಲೇ ಒಟ್ಟುಪಾತಿಯ ಕೆಲಸ. ಪೆಟೂನಿಯದ ಬೀಜ ಧೂಳಿನಷ್ಟು ಸೂಕ್ಷ್ಮವಾದದ್ದು. ಅದನ್ನು ನಯವಾದ ಮರಳಿನೊಡನೆ ಬೆರೆಸಿ, ಜರಡಿಯಾಡಿದ ಎಲೆಗೊಬ್ಬರದ ಮೇಲೆ ತೆಳ್ಳಗೆ ಉದುರಿಸಿ, ಮೇಲಿನಿಂದ ನೀರೆರಚಿದರೆ ಕೊಚ್ಚಿಹೋದೀತೆಂದು ಕುಂಡದ ಬುಡವನ್ನೇ ನೀರಿನಲ್ಲಿಟ್ಟು, ತೇವವು ತಾನಾಗಿ ಮೇಲೇರುವಂತೆ ಮಾಡುವ ಮಾಳಿಯ ಕೈಗಳನ್ನು ನೋಡುವುದೇ ಒಂದು ಶಿಕ್ಷಣ. ಇರುವೆಗಳು ಬೀಜವನ್ನು ಹೊತ್ತೊಯ್ಯದಂತೆ ಸುತ್ತಲೂ ಬೂದಿಯ ಗೆರೆ ಬೇರೆ.

ಇಷ್ಟಾದ ಮೇಲೆ ಉಳಿಯುವುದು ಕಾಲದ ಗಣಿತ. ಪ್ರದರ್ಶನದ ದಿನಾಂಕವನ್ನು ಕ್ಯಾಲೆಂಡರು ನಿಶ್ಚಯಿಸುತ್ತದೆ, ಮೊಗ್ಗಿನ ದಿನವನ್ನು ಚಳಿ ನಿಶ್ಚಯಿಸುತ್ತದೆ. ಗುಲಾಬಿಯನ್ನು ಸವರಿದ ಮೇಲೆ ಹೂ ಬಿಡಲು ಆರೇಳು ವಾರಗಳು ಹಿಡಿಯುವುದರಿಂದ, ಜನವರಿಯ ಕೊನೆಗೆ ಹೂ ಬೇಕಾದರೆ ಕತ್ತರಿ ಡಿಸೆಂಬರಿನ ಆರಂಭದಲ್ಲಿಯೇ ಆಡಬೇಕು. ಡಿಸೆಂಬರು ಬೆಚ್ಚಗಾದರೆ ಹೂ ಮುಂದಾಗಿಯೇ ಅರಳಿ ಉದುರುವುದು, ಚಳಿ ಬಿರುಸಾದರೆ ಮೊಗ್ಗು ಬಿಗಿದುಕೊಂಡೇ ಉಳಿಯುವುದು. ಸೇವಂತಿಗೆಯ ಸ್ವಭಾವ ಮತ್ತೂ ವಿಚಿತ್ರ: ರಾತ್ರಿಗಳು ದೀರ್ಘವಾದಲ್ಲದೆ ಅದು ಮೊಗ್ಗು ಕಟ್ಟದು, ಕುಂಡವನ್ನು ಬೀದಿದೀಪದ ಬೆಳಕಿನಡಿ ಮರೆತಿಟ್ಟರೆ ಹೂವೇ ತಡವಾಗುತ್ತದೆ.

ಇದೆಲ್ಲ ಹೂವಿನ ಮಾತಾಯಿತು. ಆದರೆ ಈ ಉದ್ಯಾನದ ಹಿರಿಮೆಯಿರುವುದು ಅದರ ವೃದ್ಧ ವೃಕ್ಷಗಳಲ್ಲಿ, ಅವುಗಳನ್ನಾಶ್ರಯಿಸಿದ ಮಹಾಲತೆಗಳಲ್ಲಿ. ಆನೆಯ ಸೊಂಡಿಲಿನಂತೆ ದಪ್ಪನಾಗಿ ಮರದಿಂದ ಮರಕ್ಕೆ ತಿರುಚಿಕೊಂಡು ಸಾಗಿರುವ ಈ ಬಳ್ಳಿಗಳಲ್ಲಿ ಕೊಂಕಣದವರು ಗಾರಂಬಿಯೆನ್ನುವ ಜಾತಿಯೂ ಒಂದು. ಅದರ ಕಾಯಿ ಒಂದು ಮೀಟರಿನಷ್ಟು ಉದ್ದ ಬೆಳೆಯಬಲ್ಲದು, ಕಂದುಬಣ್ಣದ ಚಪ್ಪಟೆಯ ಬೀಜವು ಸಮುದ್ರದಲ್ಲಿ ತೇಲಿ ದೂರದ ತೀರಗಳನ್ನು ಸೇರಬಲ್ಲದು. ಬಳ್ಳಿಯ ಆಯುಷ್ಯವೆಲ್ಲ ಆಶ್ರಯವೃಕ್ಷದ ಗಟ್ಟಿತನದ ಮೇಲೆ ನಿಂತಿರುವುದರಿಂದ, ಮುಂಗಾರಿನ ಗಾಳಿಗೆ ಮುನ್ನ ಯಾವ ಕೊಂಬೆ ಟೊಳ್ಳಾಗಿದೆ, ಯಾವುದನ್ನು ಇಳಿಸಬೇಕು, ಯಾವುದಕ್ಕೆ ಊರೆ ಕೊಡಬೇಕು ಎಂದು ನಿರ್ಣಯಿಸುವುದೇ ಕ್ಯುರೇಟರಿನ ಅತ್ಯಂತ ಹೊಣೆಯ ಕಾರ್ಯ. ಪೆಟೂನಿಯ ಕೆಟ್ಟರೆ ಮುಂದಿನ ವರ್ಷವಿದೆ. ಇಂಥ ಮರವೊಂದು ಬಿದ್ದರೆ ಅದರ ಸ್ಥಾನವನ್ನು ತುಂಬಲು ಮೂರು ತಲೆಮಾರುಗಳು ಸಾಲವು.

ಫೆಬ್ರವರಿಯಲ್ಲಿ ಜನಸಂದಣಿ ಕರಗಿದ ಮೇಲೆ ಬೀಜ ಆಯುವುದು, ಒಣಗಿಸುವುದು, ಚೀಟಿ ಹಚ್ಚುವುದು ಮೊದಲಾಗುತ್ತವೆ. ಏಪ್ರಿಲಿನ ಬಿಸಿಲಲ್ಲಿ ನೀರಿನ ಪಾಳಿ. ಮೇ ತಿಂಗಳಲ್ಲಿ ಗುಂಡಿ ತೋಡಿ, ಮಣ್ಣನ್ನು ಬಿಸಿಲಿಗೆ ಬಿಟ್ಟು, ಮೊದಲ ಮಳೆಗೆ ಮುನ್ನ ಗೊಬ್ಬರ ಬೆರೆಸಿ ಮುಚ್ಚುತ್ತಾರೆ.